ಕಾಲ್ತುಳಿತವೋ, ಮುಚ್ಚಿದ ಬಾಗಿಲೋ?

ಜನಜಂಗುಳಿಯಲ್ಲಿ ಸಾವು ಸಂಭವಿಸಿದಾಗಲೆಲ್ಲ ಮರುದಿನದ ಪತ್ರಿಕೆಗಳಲ್ಲಿ ‘ಕಾಲ್ತುಳಿತ’ ಎಂಬ ಶಬ್ದ ದಪ್ಪಕ್ಷರಗಳಲ್ಲಿ ಮೂಡುತ್ತದೆ. ಅದನ್ನು ಓದಿದವರ ಕಣ್ಣಮುಂದೆ ಬರುವ ಚಿತ್ರವೂ ಒಂದೇ. ಶಿಸ್ತಿಲ್ಲದ ಜನ ನುಗ್ಗಿದರು, ಬಿದ್ದವರನ್ನು ತುಳಿದರು, ಕೆಲವರು ಸತ್ತರು. ಜನರದೇ ತಪ್ಪು ಎಂದು ತೀರ್ಪು ಕೊಟ್ಟು ಚಹಾದ ಲೋಟ ಕೆಳಗಿಡುವುದಕ್ಕೆ ಅಷ್ಟು ಸಾಕಾಗುತ್ತದೆ. ಆದರೆ ಇಂಥ ದುರಂತಗಳ ವಿವರವನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಈ ಶಬ್ದವೇ ದಾರಿ ತಪ್ಪಿಸುತ್ತಿದೆ ಎಂಬುದು ತಿಳಿದೀತು.

ಇದಕ್ಕೆ ಹಳೆಯದೊಂದು ಉದಾಹರಣೆಯಿದೆ. 1979ರ ಡಿಸೆಂಬರ್ 3ರಂದು ಅಮೆರಿಕದ ಓಹಿಯೋ ರಾಜ್ಯದ ಸಿನ್ಸಿನಾಟಿ ನಗರದಲ್ಲಿ ಇಂಗ್ಲೆಂಡಿನ ‘ದಿ ಹೂ’ ಎಂಬ ಹೆಸರಾಂತ ರಾಕ್ ತಂಡದ ಸಂಗೀತ ಕಾರ್ಯಕ್ರಮ ಏರ್ಪಾಡಾಗಿತ್ತು. ಸ್ಥಳ, ಓಹಿಯೋ ನದಿಯ ದಡದ ರಿವರ್‌ಫ್ರಂಟ್ ಕೊಲಿಸಿಯಂ. ಮಾರಾಟವಾದ ಟಿಕೆಟುಗಳು 18,348. ಅವುಗಳಲ್ಲಿ 14,770 ಟಿಕೆಟುಗಳಿಗೆ ಆಸನ ಸಂಖ್ಯೆಯೇ ಇರಲಿಲ್ಲ. ಈ ಪದ್ಧತಿಗೆ ಅಲ್ಲಿ ‘ಫೆಸ್ಟಿವಲ್ ಸೀಟಿಂಗ್’ ಎಂಬ ಚೆಂದದ ಹೆಸರು. ಸರಳವಾಗಿ ಹೇಳುವುದಾದರೆ, ಮೊದಲು ಒಳಹೊಕ್ಕವನಿಗೆ ವೇದಿಕೆಯ ಹತ್ತಿರದ ಜಾಗ.

ಬ್ಯಾಂಕಿನಲ್ಲಿ ಹಣ ಪಡೆಯಲು ಟೋಕನ್ ಕೊಡುತ್ತಿದ್ದ ಕಾಲವನ್ನು ಹಿರಿಯ ಓದುಗರು ಬಲ್ಲರು. ಟೋಕನ್ ಕೈಯಲ್ಲಿದ್ದ ಗಿರಾಕಿ ನಿಶ್ಚಿಂತೆಯಿಂದ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದ. ಟೋಕನ್ ಇಲ್ಲವೆಂದರೆ ಅದೇ ಸಭ್ಯ ಗಿರಾಕಿ ಕೌಂಟರಿನ ಜಾಲರಿಗೆ ಮುಖವೊತ್ತಿ ನಿಲ್ಲುತ್ತಿದ್ದ. ಮನುಷ್ಯ ಬದಲಾಗಿರುತ್ತಿರಲಿಲ್ಲ, ಏರ್ಪಾಡು ಬದಲಾಗಿರುತ್ತಿತ್ತು. ಸಿನ್ಸಿನಾಟಿಯಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಟೋಕನ್ ಇಲ್ಲದೆ ಬಾಗಿಲ ಮುಂದೆ ನಿಲ್ಲಿಸಿದಂತಾಗಿತ್ತು.

ಕಾರ್ಯಕ್ರಮ ರಾತ್ರಿ 8ಕ್ಕೆ. ಯುವಕ ಯುವತಿಯರು ಮಧ್ಯಾಹ್ನದಿಂದಲೇ ಬಂದು ಸೇರತೊಡಗಿದ್ದರು. ಡಿಸೆಂಬರಿನ ಚಳಿ, ನದಿಯ ಕಡೆಯಿಂದ ಬೀಸುವ ಗಾಳಿ. ಸಂಜೆಯ ಹೊತ್ತಿಗೆ ಪ್ರವೇಶದ್ವಾರದ ಮುಂದಿನ ಜಾಗ ಸಾವಿರಾರು ಜನರಿಂದ ಗಿಜಿಗುಟ್ಟುತ್ತಿತ್ತು. ಹೆಚ್ಚು ಬಾಗಿಲುಗಳನ್ನು ತೆರೆಯಿರಿ ಎಂದು ಕರ್ತವ್ಯದಲ್ಲಿದ್ದ ಪೊಲೀಸ್ ಅಧಿಕಾರಿಯೊಬ್ಬರು ಸಂಘಟಕರನ್ನು ಕೇಳಿಕೊಂಡರು. ಧ್ವನಿ ಪರೀಕ್ಷೆ ಇನ್ನೂ ಮುಗಿದಿಲ್ಲ, ಟಿಕೆಟ್ ಹರಿಯುವವರು ಸಾಕಷ್ಟಿಲ್ಲ ಎಂಬ ಉತ್ತರ ಸಿಕ್ಕಿತು. ಅಷ್ಟರಲ್ಲಿ ಒಳಗಿನಿಂದ ಸಂಗೀತ ಕೇಳಿಬಂತು. ಕಾರ್ಯಕ್ರಮವೇ ಆರಂಭವಾಯಿತೆಂದು ಹೊರಗಿದ್ದವರು ಭಾವಿಸಿದರು. ತೆರೆದದ್ದು ಕೆಲವೇ ಬಾಗಿಲು. ಹಿಂದಿದ್ದವರು ಒಂದೊಂದು ಹೆಜ್ಜೆ ಮುಂದೊತ್ತಿದರು, ಮುಂದಿದ್ದವರಿಗೆ ಹೋಗಲು ಜಾಗವಿರಲಿಲ್ಲ. ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಅತಿ ಕಿರಿಯರಿಗೆ 15 ವರ್ಷ, ಅತಿ ಹಿರಿಯರಿಗೆ 27. ಮೂವರು ಸಮೀಪದ ಫಿನ್ನಿಟೌನ್ ಎಂಬ ಒಂದೇ ಊರಿನ ಶಾಲೆಗೆ ಸೇರಿದವರು.

ಹೊರಗೆ ಶವಗಳನ್ನು ಸಾಲಾಗಿ ಮಲಗಿಸುತ್ತಿರುವಾಗ ಒಳಗೆ ಹಾಡು ನಡೆದೇ ಇತ್ತು. ನಡುವೆ ನಿಲ್ಲಿಸಿದರೆ ಒಳಗಿದ್ದ ಜನ ಒಮ್ಮೆಲೇ ಹೊರಗೆ ಬಂದು ಮತ್ತಷ್ಟು ಅನಾಹುತವಾದೀತೆಂಬ ಭಯ ಅಧಿಕಾರಿಗಳಿಗಿತ್ತು. ಹಾಡುವವರಿಗೆ ವಿಷಯ ತಿಳಿದದ್ದು ಎಲ್ಲ ಮುಗಿದ ಮೇಲೆ.

ಸಾವಿನ ಸುದ್ದಿ ಹಬ್ಬಿದ ಬಳಿಕ ಅಮೆರಿಕದಲ್ಲೂ ಕೇಳಿಬಂದದ್ದು ಇಲ್ಲಿ ಕೇಳಿಬರುವ ಮಾತೇ. ಮಾದಕ ಪದಾರ್ಥ ಸೇವಿಸುವ ಹುಡುಗರು, ಕಿವಿಗಡಚಿಕ್ಕುವ ಸಂಗೀತ, ದಾರಿತಪ್ಪಿದ ಪೀಳಿಗೆ. ಶಿಕಾಗೋದ ಪ್ರಸಿದ್ಧ ಅಂಕಣಕಾರರೊಬ್ಬರು ಅವರನ್ನು ಅನಾಗರಿಕರೆಂದೇ ಜರೆದರು. ಆದರೆ ಸತ್ತವರಿಗೆ ಒದಗಿದ್ದು ತುಳಿತದ ಸಾವಲ್ಲ, ಉಸಿರು ಕಟ್ಟಿದ ಸಾವು.

ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಮಂದಿಗಿಂತ ಹೆಚ್ಚು ಸೇರಿದರೆ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಗುಂಪು ನೀರಿನಂತೆ ಅಲೆಯೇಳುತ್ತದೆ. ನಾಲ್ಕೂ ಕಡೆಯ ಒತ್ತಡಕ್ಕೆ ಎದೆಗೂಡು ಹಿಗ್ಗಲಾರದು. ಗಾಳಿ ಎಳೆದುಕೊಳ್ಳಲಾಗದೆ ಮನುಷ್ಯ ನಿಂತಲ್ಲೇ ಸಾಯಬಹುದು, ಸತ್ತ ಮೇಲೂ ಬೀಳದೆ ನಿಂತಿರಬಹುದು. ಇಪ್ಪತ್ತು ಸಾಲು ಹಿಂದಿರುವವನಿಗೆ ಇದೊಂದೂ ಗೊತ್ತಾಗುವುದಿಲ್ಲ. ಮುಂದಿನವರು ಯಾಕೆ ಸರಿಯುತ್ತಿಲ್ಲ ಎಂದಷ್ಟೇ ಅವನು ಯೋಚಿಸುತ್ತಾನೆ. ಅವನನ್ನು ಕೊಲೆಗಾರನೆಂದು ಕರೆಯುವುದು ನ್ಯಾಯವೇ?

ಸಿನ್ಸಿನಾಟಿಗೆ ಮುನ್ಸೂಚನೆಯೂ ಇಲ್ಲದಿರಲಿಲ್ಲ. 1977ರಲ್ಲಿ ‘ಲೆಡ್ ಜೆಪ್ಪೆಲಿನ್’ ತಂಡ ಇದೇ ಸಭಾಂಗಣಕ್ಕೆ ಬಂದಿದ್ದಾಗಲೂ ಬಾಗಿಲ ಬಳಿ ಗದ್ದಲವಾಗಿ ಹತ್ತಾರು ಮಂದಿಯ ಬಂಧನವಾಗಿತ್ತು. ಆಗಲೂ ತಪ್ಪು ಜನರದೆಂದು ಕಡತ ಮುಚ್ಚಿದರೆ ಬಾಗಿಲಿನ ವಿಚಾರ ಯಾರು ಮಾಡಬೇಕು? ಹನ್ನೊಂದು ಜೀವ ಹೋದ ಮೇಲೆ, ಅದೇ ಡಿಸೆಂಬರ್ ಮುಗಿಯುವುದರೊಳಗೆ ನಗರಾಡಳಿತ ಆಸನ ಸಂಖ್ಯೆಯಿಲ್ಲದ ಟಿಕೆಟನ್ನು ನಿಷೇಧಿಸಿತು. 2004ರಲ್ಲಿ ಆ ನಿಷೇಧ ತೆರವಾಯಿತಾದರೂ ಒಬ್ಬ ಪ್ರೇಕ್ಷಕನಿಗೆ 9 ಚದರ ಅಡಿ ಜಾಗವಿರಬೇಕೆಂಬ ಲೆಕ್ಕವನ್ನು ಇರಿಸಿಕೊಳ್ಳಲಾಯಿತು. ಜನರ ಸ್ವಭಾವ ತಿದ್ದಲು ಯಾರೂ ಹೊರಡಲಿಲ್ಲ, ಚದರ ಅಡಿ ಎಣಿಸಿದರು. ಅದೇ ಸರಿಯಾದ ಕೆಲಸ.

ರಾಕ್ ಸಂಗೀತದ ಹುಚ್ಚೇ ಕಾರಣ ಎನ್ನುವವರು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣವನ್ನು ನೆನಪಿಸಿಕೊಳ್ಳಬೇಕು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಅಲ್ಲಿನ ಇಕ್ಕಟ್ಟಾದ ಪಾದಚಾರಿ ಸೇತುವೆಯ ಮೇಲೆ 23 ಮಂದಿ ಸತ್ತರು. ಅಲ್ಲಿ ಗಿಟಾರೂ ಇರಲಿಲ್ಲ, ಮದ್ಯವೂ ಇರಲಿಲ್ಲ. ಇದ್ದದ್ದು ಮಳೆ, ಮಳೆಗೆ ಸೇತುವೆಯಲ್ಲೇ ನಿಂತ ಜನ ಮತ್ತು ಒಂದರ ಹಿಂದೊಂದು ಬಂದ ಲೋಕಲ್ ಟ್ರೇನುಗಳು. ನಾಲ್ಕನೆಯವನಿಗೂ ಸೀಟಿನ ತುದಿಯಲ್ಲಿ ಜಾಗ ಮಾಡಿಕೊಡುವ ಮುಂಬಯಿಯ ಪ್ರಯಾಣಿಕನನ್ನು ಅನಾಗರಿಕ ಎನ್ನಲು ಯಾರಿಗೆ ಬಾಯಿ ಬಂದೀತು?

ಬೆಂಗಳೂರಿನ ಗಾಯವಂತೂ ಇನ್ನೂ ಹಸಿಯಾಗಿದೆ. ಹದಿನೆಂಟನೇ ಆವೃತ್ತಿಯಲ್ಲಿ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದ ಆರ್‌ಸಿಬಿಯ ವಿಜಯೋತ್ಸವಕ್ಕೆ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ಸೇರಿದರು. ಒಳಗಿರುವ ಆಸನಗಳು ಮೂವತ್ತೈದು ಸಾವಿರದ ಆಸುಪಾಸು. ಪ್ರವೇಶ ಉಚಿತವೆಂದು ಕೆಲವರು, ಪಾಸು ಬೇಕೆಂದು ಕೆಲವರು, ಯಾವ ಗೇಟು ತೆರೆದಿದೆಯೆಂದು ಯಾರಿಗೂ ಗೊತ್ತಿಲ್ಲ. ಸತ್ತವರು ಅಲ್ಲಿಯೂ ಹನ್ನೊಂದು ಮಂದಿ, ಅಲ್ಲಿಯೂ ಗೇಟಿನ ಹೊರಗೆ, ಅಲ್ಲಿಯೂ ಒಳಗೆ ಉತ್ಸವ ಮುಂದುವರಿದಿತ್ತು. ನಲವತ್ತೈದು ವರ್ಷಗಳ ಅಂತರದಲ್ಲಿ ಸಂಖ್ಯೆ ಸಹ ಬದಲಾಗದಿರುವುದು ಕಾಕತಾಳೀಯವಿರಬಹುದು. ಮುಚ್ಚಿದ ಬಾಗಿಲು ಮತ್ತು ಸಿಗದ ಮಾಹಿತಿ ಮಾತ್ರ ಕಾಕತಾಳೀಯವಲ್ಲ.

ಕನ್ನಡ ಸಂಘಗಳಿಗೂ ಇದಕ್ಕೂ ಏನು ಸಂಬಂಧ ಎಂದು ಪದಾಧಿಕಾರಿಗಳು ಕೇಳಿಯಾರು. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಸಿನಿಮಾ ತಾರೆ ಬರುತ್ತಾರೆಂದರೆ ಏಳುನೂರು ಆಸನದ ಸಭಾಗೃಹಕ್ಕೆ ಸಾವಿರದಿನ್ನೂರು ಪಾಸು ಹಂಚುವುದು ರೂಢಿಯಾಗಿಬಿಟ್ಟಿದೆ. ಹೇಗೂ ಅರ್ಧ ಜನ ಬರುವುದಿಲ್ಲ ಎಂಬುದು ಅದಕ್ಕಿರುವ ಸಮರ್ಥನೆ. ಪಾಸಿಲ್ಲದವರು ನುಸುಳಬಾರದೆಂದು ಬದಿಯ ಬಾಗಿಲಿಗೆ ಬೀಗ. ಬೀಗದ ಕೀಲಿಕೈ ಕಾವಲುಗಾರನ ಜೇಬಿನಲ್ಲಿ, ಕಾವಲುಗಾರ ಊಟಕ್ಕೆ ಹೋಗಿರುತ್ತಾನೆ. ಮುಖ್ಯ ಅತಿಥಿಗಳು ಬರುವುದು ತಡವಾದರೆ ಅವರು ಬರುವವರೆಗೆ ಮುಂಬಾಗಿಲೂ ತೆರೆಯದು, ಮೆಟ್ಟಿಲ ಮೇಲೆ ಮಕ್ಕಳನ್ನೆತ್ತಿಕೊಂಡ ತಾಯಂದಿರು ಕಾಯುತ್ತಿರುತ್ತಾರೆ. ಇದುವರೆಗೆ ಏನೂ ಆಗಿಲ್ಲ ಎಂಬ ಮಾತನ್ನು 1979ರ ಡಿಸೆಂಬರ್ 2ರಂದು ಸಿನ್ಸಿನಾಟಿಯಲ್ಲೂ ಹೇಳಬಹುದಿತ್ತು.

ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಶಾಲು, ಫಲತಾಂಬೂಲ, ನೆನಪಿನ ಕಾಣಿಕೆಗಳ ಬಗ್ಗೆ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಆಸನ ಎಷ್ಟು, ಪಾಸು ಎಷ್ಟು, ಬಾಗಿಲು ಎಷ್ಟು, ಕೀಲಿಕೈ ಯಾರ ಕೈಯಲ್ಲಿ, ಜಾಗ ತುಂಬಿತೆಂದು ಹೊರಗಿನವರಿಗೆ ಧ್ವನಿವರ್ಧಕದಲ್ಲಿ ಹೇಳುವವರು ಯಾರು ಎಂಬುದಕ್ಕೂ ಹತ್ತು ನಿಮಿಷ ಮೀಸಲಿಡಲು ಅಡ್ಡಿಯೇನೂ ಇಲ್ಲ. ಖರ್ಚಂತೂ ಇಲ್ಲವೇ ಇಲ್ಲ.