ಹಿಂದಿನಿಂದ ಬಂದ ಪೆಟ್ಟು

ಹೋದ ವರ್ಷದ ಆಷಾಢದಲ್ಲೊಂದು ಸಂಜೆ, ಕೆಂಪು ದೀಪಕ್ಕೆ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಮತ್ತೊಂದು ಕಾರು ಬಂದು ಬಡಿಯಿತು. ರಕ್ತ ಸುರಿಯಲಿಲ್ಲ, ಮೂಳೆ ಮುರಿಯಲಿಲ್ಲ. ಬಡಿದ ಮಹನೀಯರು ಇಳಿದು ಬಂದು ಕೈಮುಗಿದು, ಎರಡು ಸಾವಿರ ರೂಪಾಯಿಗಳನ್ನು ಚಾಚಿದರು. ನೆರೆದವರು, "ಹೋಗಲಿ ಬಿಡಿ ಸಾರ್, ಜೀವ ಉಳಿಯಿತಲ್ಲ" ಎಂದರು. ನಾನು ಹಣ ಮುಟ್ಟಲಿಲ್ಲ. ಕಾರಿನ ಸಂಖ್ಯೆಯನ್ನಷ್ಟೇ ಬರೆದುಕೊಂಡು ಮನೆಗೆ ಬಂದೆ.

ಮೂರನೆಯ ದಿನ ಕತ್ತು ತಿರುಗಲಿಲ್ಲ. ಹಿಂದಿನ ಪೆಟ್ಟಿಗೆ ಮುಂಡವು ಆಸನದೊಡನೆ ಮುಂದಕ್ಕೆ ಚಿಮ್ಮುತ್ತದೆ, ತಲೆ ಕ್ಷಣಕಾಲ ಹಿಂದೆ ಉಳಿಯುತ್ತದೆ, ನಡುವೆ ಸಿಕ್ಕ ಕತ್ತು ಚಾಟಿಯಂತೆ ಬಳುಕುತ್ತದೆ ಎಂದು ವೈದ್ಯರು ವಿವರಿಸಿದರು. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಕಾಣದ ನೋವನ್ನು ನಂಬುವವರು ಯಾರು?

ಪೊಲೀಸರಿಗೆ ದೂರು ಕೊಟ್ಟು, ಪರಿಹಾರಕ್ಕೆ ಅರ್ಜಿ ಹಾಕುವೆನೆಂದಾಗ ನಮ್ಮ ಕಾಲೇಜಿನ ಹಿರಿಯರೊಬ್ಬರು ನಕ್ಕರು. "ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲಯ್ಯ, ಪಾಠ ಹೇಳುವವನಿಗೆ ಕೋರ್ಟು ಕಚೇರಿ ಯಾಕೆ?" ಈ ನಗೆಯ ಹಿಂದೆ ಒಂದು ಭಾವನೆಯಿದೆ: ಪರಿಹಾರ ಕೇಳುವವನು ನೋವನ್ನು ಮಾರುವವನು ಎಂಬುದು. ಸುಳ್ಳು ಅರ್ಜಿಗಳು ಈ ಅಪಕೀರ್ತಿಗೆ ಕಾರಣವಾಗಿರುವುದೂ ನಿಜ. ಆದರೆ ನೋವು ನನ್ನದಾದ ಮೇಲೆ ಅದರ ವೆಚ್ಚವೂ ನನ್ನದೇ ಆಗಬೇಕೆನ್ನುವುದು ಯಾವ ಔದಾರ್ಯ? ಬಡಿದವರು ವಿಮೆಯ ಕಂತು ಕಟ್ಟಿರುವುದು ಇದಕ್ಕಾಗಿಯೇ. 1988ರ ಮೋಟಾರು ವಾಹನ ಕಾಯಿದೆಯ 166ನೆಯ ಕಲಮಿನಂತೆ ಗಾಯಗೊಂಡವನು ತಾನು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವನ್ನು ಸೇರಿಸಿತು. ನಾಲ್ಕು ಜನ ಏನೆಂದಾರು ಎಂದು ಕುಳಿತವನಿಗೆ ಆರು ತಿಂಗಳು ಬೇಗ ಕಳೆದುಹೋಗುತ್ತದೆ.

ಹಿಂದೆ ಬಂದವನದೇ ತಪ್ಪೆಂಬ ಎಣಿಕೆ ಸಾಮಾನ್ಯವಾಗಿ ಸರಿ, ಯಾವಾಗಲೂ ಅಲ್ಲ. 2017ರಲ್ಲಿ ಕೊಯಮತ್ತೂರಿನ ಹೆದ್ದಾರಿಯಲ್ಲಿ ಮುಂದಿನ ಕಾರು ಹಠಾತ್ತನೆ ನಿಂತಿತು. ಬೈಕಿನಲ್ಲಿದ್ದ ವಿದ್ಯಾರ್ಥಿ ಅದಕ್ಕೆ ಬಡಿದು ಬಿದ್ದ. ಹಿಂದಿನ ಬಸ್ಸು ಅವನ ಮೇಲೆ ಹರಿದು ಕಾಲು ಹೋಯಿತು. ಸುಪ್ರೀಂ ಕೋರ್ಟು 2025ರಲ್ಲಿ ಹೊಣೆಯನ್ನು ಹಂಚಿತು: ಕಾರಿನವನಿಗೆ ಶೇಕಡಾ 50, ಬಸ್ಸಿಗೆ 30, ಅಂತರ ಕಾಯದ ವಿದ್ಯಾರ್ಥಿಗೆ 20. ತಪ್ಪನ್ನು ಹೀಗೆ ತೂಗಬಲ್ಲ ನ್ಯಾಯಕ್ಕೆ ನೋವನ್ನು ತೂಗುವುದು ಮಾತ್ರ ಕಷ್ಟ. ಅಂಗದ ಊನವೇ ಗಳಿಕೆಯ ನಷ್ಟದ ಅಳತೆಯಲ್ಲ, ಎಡಗೈ ಕಳೆದುಕೊಂಡ ಬಡಗಿಯ ನಷ್ಟ ಬೇರೆ, ಸರ್ಕಾರಿ ಗುಮಾಸ್ತನ ನಷ್ಟ ಬೇರೆ ಎಂದು ಅದೇ ನ್ಯಾಯಾಲಯ 2010ರಲ್ಲಿ ಹೇಳಿತು. ವಿವೇಕದ ಮಾತು. ಯಾತನೆಗೆ, ಬದುಕಿನ ಸುಖ ಕಳೆದುದಕ್ಕೆ ಬೇರೆಯೇ ಅಂಕಣಗಳೂ ಇವೆ.

ಆ ಅಂಕಣಕ್ಕಾಗಿ ನನ್ನ ವಕೀಲರು, "ನಿಮ್ಮ ಕಷ್ಟವನ್ನು ನೀವೇ ಬರೆದುಕೊಡಿ, ಕನ್ನಡದ ಮೇಷ್ಟ್ರು ತಾನೆ" ಎಂದರು. ಇಪ್ಪತ್ತು ವರ್ಷ ಕರುಣರಸವನ್ನು ಪಾಠ ಹೇಳಿದವನು ರಾತ್ರಿಯೆಲ್ಲ ಕುಳಿತೆ. ವಿಭಾವ, ಅನುಭಾವಗಳು ಒಂದೂ ಒದಗಲಿಲ್ಲ. ಕೊನೆಗೆ ಬರೆದುದು ಮೂರು ಸಾಲು: ಎಡಮಗ್ಗುಲಾಗಿ ಮಲಗಲಾಗದು, ಮೇಲಿನ ಅಟ್ಟದ ಪುಸ್ತಕ ತೆಗೆಯಲಾಗದು, ಹಲಗೆಯ ಮೇಲೆ ಬರೆಯುತ್ತ ಮಕ್ಕಳ ಕಡೆ ತಿರುಗಲಾಗದು. ವಕೀಲರು ಓದಿ, ಇಷ್ಟು ಸಾಕೆಂದರು.

ಕಳೆದ ತಿಂಗಳು ಪಾಟೀಸವಾಲು ನಡೆಯಿತು. ವಿಮಾ ಕಂಪನಿಯ ವಕೀಲರು ಬಹು ಸೌಜನ್ಯದಿಂದ ಕೇಳಿದರು.

"ಈಗಲೂ ಪಾಠ ಹೇಳುತ್ತಿದ್ದೀರಾ?"

"ಹೇಳುತ್ತಿದ್ದೇನೆ."

"ಸಂಬಳ ಕಡಿಮೆಯಾಗಿದೆಯೆ?"

"ಇಲ್ಲ."

ಬೆರಳಚ್ಚುಗಾರ್ತಿ ಎರಡನ್ನೂ ದಾಖಲಿಸಿಕೊಂಡಳು. ಉತ್ತರ ಹೇಳುವಾಗಲೆಲ್ಲ ನಾನು ಅವರತ್ತ ಇಡೀ ಮೈಯನ್ನೇ ತಿರುಗಿಸುತ್ತಿದ್ದೆ. ಅದರ ಬಗ್ಗೆ ಅವರು ಏನನ್ನೂ ಕೇಳಲಿಲ್ಲ. ನ್ಯಾಯಾಧೀಶರು ಮಾತ್ರ ಒಮ್ಮೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಮುಂದಿನ ತಾರೀಖು ಕೊಟ್ಟರು.