ತಪಾಸಣೆಗೆ ಬರುವವರು ಯಾರ ಕಡೆಯವರು?

ಬಾಗಲಕೋಟೆ ನವನಗರದ ವಸತಿ ಶಾಲೆಯೊಂದರಲ್ಲಿ ಬುದ್ಧಿಮಾಂದ್ಯ ಬಾಲಕನನ್ನು ಥಳಿಸುವ ವಿಡಿಯೊ 2025ರ ಡಿಸೆಂಬರ್‌ನಲ್ಲಿ ಮೊಬೈಲ್‌ಗಳಲ್ಲಿ ಹರಿದಾಡಿತು. ಪೊಲೀಸರು ಪ್ರಕರಣ ದಾಖಲಿಸಿಕೊಂಡರು, ಬಂಧನವೂ ಆಯಿತು. ತಪ್ಪು ಯಾರದೆಂದು ಹೇಳಬೇಕಾದದ್ದು ನ್ಯಾಯಾಲಯ. ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ. ಆ ವಿಡಿಯೊ ಇಲ್ಲದಿದ್ದರೆ ಒಳಗೆ ನಡೆದದ್ದು ಹೊರಗೆ ಗೊತ್ತಾಗುವ ದಾರಿ ಯಾವುದಿತ್ತು? ಹೊಡೆಸಿಕೊಂಡ ಮಗುವಿಗೆ ದೂರು ಹೇಳಲು ಬಾರದು. ಹೇಳಿದರೂ ಕೇಳಿಸಿಕೊಳ್ಳುವವರಿಲ್ಲ.

ಈ ಜಿಲ್ಲೆಯಲ್ಲಿ ಮನೆಯಿಂದ ದೂರ ಬೆಳೆಯುತ್ತಿರುವ ಮಕ್ಕಳೆಲ್ಲ ಅನಾಥರಲ್ಲ. ಬಾದಾಮಿ, ಹುನಗುಂದ ಕಡೆಯ ಮಳೆಯಾಶ್ರಿತ ಊರುಗಳಿಂದ ಜನ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಗುವನ್ನು ಕರೆದೊಯ್ದರೆ ಶಾಲೆ ತಪ್ಪುತ್ತದೆ, ಊರಲ್ಲೇ ಬಿಟ್ಟರೆ ನೋಡಿಕೊಳ್ಳಲು ಇರುವುದು ವಯಸ್ಸಾದ ಅಜ್ಜಿ. ಇಳಕಲ್ಲಿನ ನೇಕಾರ ಕುಟುಂಬಗಳಲ್ಲಿ ಮಗ್ಗದ ಕೂಲಿ ಸಾಲದಿದ್ದಾಗಲೂ ಹಾಸ್ಟೆಲ್ಲೇ ಗತಿ. ಮಠಗಳ ಆಸರೆಯೂ ಇಲ್ಲಿ ಹಳೆಯದು. ಬಾದಾಮಿ ಬಳಿ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಶಿವಯೋಗ ಮಂದಿರವನ್ನು ಸ್ಥಾಪಿಸಿದ್ದು 1909ರಲ್ಲಿ; ವಟುಗಳು ಅಲ್ಲಿ ಉಳಿದು ಕಲಿಯುವ ಪರಂಪರೆಗೆ ಶತಮಾನ ದಾಟಿದೆ. ‘ನಿಮ್ಮ ಉಡ್ಯಾಗ ಹಾಕೀವ್ರಿ’ ಎಂದು ಮಗುವನ್ನು ಬಿಟ್ಟು ಬರುವ ತಂದೆ ತಾಯಿಯ ಮಾತಿನಲ್ಲಿ ಪೂರ್ತಿ ನಂಬಿಕೆ ಇರುತ್ತದೆ. ಹಾಗೆ ನಂಬಿದವರು ಒಳಗಿನ ವಿಚಾರ ಕೆದಕುವುದಿಲ್ಲ. ಉಚಿತವಾಗಿ ಊಟ ಹಾಕುವವರನ್ನು ಪ್ರಶ್ನಿಸಲು ಬಡವರಿಗೆ ನಾಲಿಗೆಯೇ ಏಳುವುದಿಲ್ಲ.

ಸರ್ಕಾರ ಈ ಮಕ್ಕಳನ್ನು ಇಲಾಖೆವಾರು ಹಂಚಿಕೊಂಡಿದೆ. ಬಾಲಮಂದಿರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಹಾಸ್ಟೆಲ್‌ಗಳಲ್ಲಿ ಕೆಲವು ಸಮಾಜ ಕಲ್ಯಾಣಕ್ಕೆ, ಕೆಲವು ಹಿಂದುಳಿದ ವರ್ಗಗಳ ಕಲ್ಯಾಣಕ್ಕೆ ಸೇರಿವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಪ್ರತ್ಯೇಕ ಸಂಘವಿದೆ. ಅಂಗವಿಕಲ ಮಕ್ಕಳ ಶಾಲೆಗೆ ಬೇರೆ ಇಲಾಖೆ, ನೋಂದಣಿಗೆ 2016ರ ಬೇರೆ ಕಾಯ್ದೆ. ಒಂದೇ ಊರಿನ ಇಬ್ಬರು ಅಕ್ಕತಂಗಿಯರು ಎರಡು ಬಗೆಯ ವಸತಿಗೆ ಸೇರಿದರೆ ಅವರ ಯೋಗಕ್ಷೇಮ ಕೇಳುವ ಅಧಿಕಾರಿಗಳೂ, ಕೇಳುವ ರೀತಿಯೂ ಬೇರೆಯಾಗುತ್ತವೆ.

ಇವುಗಳಲ್ಲಿ ತಪಾಸಣೆಯ ವಿಷಯದಲ್ಲಿ ಹೆಚ್ಚು ಬಿಗಿಯಾಗಿರುವುದು 2015ರ ಬಾಲನ್ಯಾಯ ಕಾಯ್ದೆ. ಅದರ 54ನೇ ಸೆಕ್ಷನ್ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಕನಿಷ್ಠ ಮೂವರ ತಂಡ ಬಾಲಮಂದಿರದಂಥ ಮಕ್ಕಳ ಗೃಹಗಳಿಗೆ ಭೇಟಿ ಕೊಡಬೇಕು. ತಂಡದಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಲೇಬೇಕು. ವರದಿ ವಾರದೊಳಗೆ ಸಲ್ಲಿಕೆಯಾಗಬೇಕು. ಇದಲ್ಲದೆ ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೆ ಎರಡಾದರೂ ಭೇಟಿ ಕೊಡಬೇಕು. ತಪಾಸಣಾ ಸಮಿತಿಗಳ ರಚನೆಗೆ, ಗೃಹಗಳ ನೋಂದಣಿಗೆ ಸುಪ್ರೀಂ ಕೋರ್ಟ್ 2017ರಲ್ಲಿ ಗಡುವನ್ನೂ ಕೊಟ್ಟಿತು. ಕಾನೂನಿನಲ್ಲಿ ಭೇಟಿಗಳಿಗೆ ಬರವಿಲ್ಲ.

ದೋಷ ಇರುವುದು ಯಾರು ಯಾರನ್ನು ತಪಾಸಣೆ ಮಾಡುತ್ತಾರೆ ಎಂಬಲ್ಲಿ. 2016ರ ಮಾದರಿ ನಿಯಮಗಳು ಜಿಲ್ಲಾ ತಪಾಸಣಾ ಸಮಿತಿಗೆ ಮಕ್ಕಳ ರಕ್ಷಣಾಧಿಕಾರಿಯನ್ನೇ ಸದಸ್ಯ ಕಾರ್ಯದರ್ಶಿ ಮಾಡಿದವು. ಸರ್ಕಾರಿ ಬಾಲಮಂದಿರವೂ ಅವರೂ ಒಂದೇ ಇಲಾಖೆಗೆ ಸೇರಿದವರು. ಕಾಯ್ದೆಯ 2021ರ ತಿದ್ದುಪಡಿ ನೋಂದಣಿಯ ಶಿಫಾರಸು, ಮಕ್ಕಳ ರಕ್ಷಣಾ ಘಟಕದ ಉಸ್ತುವಾರಿ, ತಪಾಸಣಾ ವರದಿ, ಮೌಲ್ಯಮಾಪನ ಎಲ್ಲವನ್ನೂ ಜಿಲ್ಲಾಧಿಕಾರಿಯ ಮೇಜಿಗೆ ತಂದಿತು. ಬರ, ಪ್ರವಾಹ, ಚುನಾವಣೆ, ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿಯ ಕಡತಗಳಿರುವ ಮೇಜದು. ಜಿಲ್ಲಾಧಿಕಾರಿ ಎಷ್ಟೇ ಪ್ರಾಮಾಣಿಕರಾದರೂ ತಮ್ಮ ಆಡಳಿತದ ಕೆಲಸಕ್ಕೆ ತಾವೇ ಅಂಕ ಕೊಟ್ಟುಕೊಳ್ಳಬೇಕಾಗುತ್ತದೆ.

ತಪಾಸಣೆಯ ದಿನ ಹೇಗಿರುತ್ತದೆಂದು ಹಾಸ್ಟೆಲ್‌ನಲ್ಲಿ ಓದಿದ ಯಾರನ್ನಾದರೂ ಕೇಳಿ. ‘ಸಾಹೇಬ್ರು ಬರ್ತಾರ’ ಎಂಬ ಸುದ್ದಿ ಜೀಪಿಗಿಂತ ಮೊದಲೇ ತಲುಪಿರುತ್ತದೆ. ಅಂದು ಸಾರು ಗಟ್ಟಿ. ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ ಮೇಜಿನ ಮೇಲೆ. ವಾರ್ಡನ್ ಪಕ್ಕದಲ್ಲೇ ನಿಂತಿರುವಾಗ ‘ಊಟ ಚಲೋ ಇರ್ತದೇನು?’ ಎಂದು ಕೇಳಿದರೆ ಯಾವ ಹುಡುಗ ತಾನೇ ಇಲ್ಲವೆಂದಾನು? ಸಾಹೇಬರು ಸಂಜೆ ಹೊರಟುಹೋಗುತ್ತಾರೆ, ವಾರ್ಡನ್ ರಾತ್ರಿಯೂ ಅಲ್ಲೇ ಇರುತ್ತಾರೆ.

ಬಿಹಾರದ ಮುಜಫ್ಫರ್‌ಪುರದ ಬಾಲಿಕಾಗೃಹಕ್ಕೂ ಕಾನೂನು ಹೇಳಿದ ಉಸ್ತುವಾರಿ ವ್ಯವಸ್ಥೆ ಇತ್ತು. ಅಲ್ಲಿನ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ 2018ರಲ್ಲಿ ಬಯಲಾದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡವೊಂದು ರಾಜ್ಯದ ನೂರಕ್ಕೂ ಹೆಚ್ಚು ಗೃಹಗಳ ಸಾಮಾಜಿಕ ಪರಿಶೋಧನೆ ನಡೆಸಿದಾಗ. ಆ ತಂಡ ಮಕ್ಕಳ ಜತೆ ಕೂತು ಮಾತಾಡಿತ್ತು. 2020ರಲ್ಲಿ ಶಿಕ್ಷೆಗೊಳಗಾದವರಲ್ಲಿ ಆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಆಗಿನ ಅಧ್ಯಕ್ಷನೂ ಇದ್ದ. ಮಕ್ಕಳನ್ನು ಕಾಯಲು ಕಾನೂನು ನೇಮಿಸಿದ್ದೇ ಅವನನ್ನು!

ಹಾಗೆಂದು ಹೊರಗಿನವರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಇಂಗ್ಲೆಂಡಿನಲ್ಲಿ 2015ರ ನಿಯಮಗಳಂತೆ ಪ್ರತಿ ಮಕ್ಕಳ ಗೃಹಕ್ಕೂ ತಿಂಗಳಿಗೊಮ್ಮೆ ಸ್ವತಂತ್ರ ವ್ಯಕ್ತಿಯೊಬ್ಬರು ಭೇಟಿ ಕೊಟ್ಟು, ಒಪ್ಪುವ ಮಕ್ಕಳ ಜತೆ ಏಕಾಂತದಲ್ಲಿ ಮಾತಾಡಿ, ‘ಆಫ್‌ಸ್ಟೆಡ್’ ಎಂಬ ನಿಯಂತ್ರಣ ಸಂಸ್ಥೆಗೆ ವರದಿ ತಲುಪಿಸಬೇಕು. ಇಷ್ಟಿದ್ದರೂ ಡಾನ್‌ಕಾಸ್ಟರ್‌ನಲ್ಲಿ ಅಂಗವಿಕಲ ಮಕ್ಕಳ ವಸತಿಗಳಲ್ಲಿ ವರ್ಷಗಟ್ಟಲೆ ಹಿಂಸೆ ನಡೆಯಿತು. 108 ಮಕ್ಕಳು ಹಾಗೂ ಯುವಜನರ ಪಾಡನ್ನು ಪರಿಶೀಲಿಸಿದ ರಾಷ್ಟ್ರೀಯ ಸಮಿತಿಯೊಂದು 2022ರಲ್ಲಿ ಅದನ್ನು ವಿವರವಾಗಿ ದಾಖಲಿಸಿತು. ಆ ವಸತಿಗಳಿಗೆ ‘ಉತ್ತಮ’ ಎಂಬ ದರ್ಜೆ ಸಿಕ್ಕಿತ್ತು. ಅಲ್ಲಿ ಸ್ವತಂತ್ರ ಭೇಟಿದಾರರನ್ನು ಗೊತ್ತುಮಾಡಿಕೊಳ್ಳುವುದು ಗೃಹ ನಡೆಸುವವರೇ. ನಾವು ನಕಲು ಮಾಡುವುದಾದರೆ ಈ ಭಾಗವನ್ನು ಬಿಡಬೇಕು. ಮಾತು ಬಾರದ ಮಕ್ಕಳ ಬಳಿಗೆ ಹೋಗುವವರಿಗೆ ಅವರ ಸನ್ನೆ, ಅಂಜಿಕೆ, ಮೈಮೇಲಿನ ಗುರುತುಗಳನ್ನು ಅರಿಯುವ ತರಬೇತಿಯೂ ಬೇಕು.

ಭೇಟಿದಾರರನ್ನು ನೇಮಿಸಲು ಬಾಗಲಕೋಟೆಯಲ್ಲಿ ಇಲಾಖೆಗಳಿಗೆ ಸೇರದ ಒಂದು ಸಂಸ್ಥೆ ಈಗಾಗಲೇ ಇದೆ. ಅದು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಕಾನೂನು ಸೇವೆಗಳ ಪ್ರಾಧಿಕಾರ. ಅದಕ್ಕೆ ತಾಲ್ಲೂಕು ಸಮಿತಿಗಳಿವೆ, ಅರೆಕಾನೂನು ಸ್ವಯಂಸೇವಕರಿದ್ದಾರೆ. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ನಿವೃತ್ತ ಶಿಕ್ಷಕಿಯರು, ದಾದಿಯರು, ವಿಶೇಷ ಶಿಕ್ಷಣ ಬಲ್ಲವರನ್ನು ಆಯ್ದು ತರಬೇತಿ ಕೊಟ್ಟು, ಒಂದೊಂದು ವಸತಿಗೆ ಒಬ್ಬರನ್ನು ಗೊತ್ತುಮಾಡಬಹುದು. ತಿಂಗಳಿಗೊಮ್ಮೆ, ಹೇಳದೆ ಕೇಳದೆ, ಕೆಲವೊಮ್ಮೆ ರಾತ್ರಿ ಊಟದ ಹೊತ್ತಿಗೆ ಅವರು ಹೋಗಲಿ. ಮುಖ ಪರಿಚಯವಾಗಲು ಮಕ್ಕಳಿಗೆ ಮೂರು ನಾಲ್ಕು ಭೇಟಿ ಬೇಕು. ಮೂರು ತಿಂಗಳಿಗೊಮ್ಮೆ ಬರುವ ತಂಡಕ್ಕೆ ಆ ಸಲಿಗೆ ದಕ್ಕುವುದಿಲ್ಲ. ಬಾಲಮಂದಿರ, ಹಾಸ್ಟೆಲ್, ವಿಶೇಷ ಶಾಲೆ, ಮಠದ ನಿಲಯ ಎಂಬ ಭೇದ ಈ ಭೇಟಿಗೆ ಬೇಡ. ಪ್ರಯಾಣದ ಖರ್ಚು, ಗೌರವಧನ ಪ್ರಾಧಿಕಾರದಿಂದಲೇ ಬರಬೇಕು.

ಮಠಗಳಿಗೆ ಇದು ಅವಮಾನವೆಂದು ಕೆಲವರಿಗೆ ಅನ್ನಿಸಬಹುದು. ಲೆಕ್ಕಪತ್ರ ಪರಿಶೋಧನೆಗೆ ಬೇಸರಿಸದ ಸಂಸ್ಥೆಗಳು ಮಕ್ಕಳ ವಿಚಾರದಲ್ಲಿ ಯಾಕೆ ಬೇಸರಿಸಬೇಕು? ಇದರಿಂದ ವಾರ್ಡನ್‌ಗಳಿಗೂ ಅನುಕೂಲವಿದೆ. ರಾತ್ರಿ ಪಾಳಿಗೆ ಒಬ್ಬರೇ ಇದ್ದಾರೆ, ಅಡುಗೆಯವರ ಸಂಬಳ ನಿಂತಿದೆ ಎಂದು ಅವರು ಬರೆದರೆ ತಕರಾರು ಎನಿಸುತ್ತದೆ. ನ್ಯಾಯಾಧೀಶರ ಪ್ರಾಧಿಕಾರದ ವರದಿಯಲ್ಲಿ ಅದೇ ಮಾತು ಬಂದರೆ ಇಲಾಖೆ ಉತ್ತರಿಸಬೇಕಾಗುತ್ತದೆ.

1098 ಸಹಾಯವಾಣಿ ಇದೆಯಲ್ಲ ಎನ್ನುವವರಿದ್ದಾರೆ. 2023ರಿಂದ ಅದನ್ನೂ ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ತೆಗೆದು ಸರ್ಕಾರವೇ ನಡೆಸುತ್ತಿದೆ. ಬಾಲಮಂದಿರದ ಹುಡುಗಿ ಕರೆ ಮಾಡಿದರೆ ದೂರು ಮತ್ತೆ ಜಿಲ್ಲೆಯ ಮಕ್ಕಳ ರಕ್ಷಣಾ ವ್ಯವಸ್ಥೆಗೇ ಬರುತ್ತದೆ. ಅಷ್ಟಕ್ಕೂ ಕರೆ ಮಾಡಲು ಫೋನ್ ಇರುವುದು ಕಚೇರಿ ಕೋಣೆಯಲ್ಲಿ.

ವರದಿ ಪ್ರಕಟಿಸಿ ಎಂದರೆ ಮಕ್ಕಳ ಗುರುತು ಬಹಿರಂಗವಾಗುತ್ತದೆ ಎಂಬ ಉತ್ತರ ಬರುತ್ತದೆ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮರೆಮಾಡಲು ಹೇಳುವುದು ಮಗುವಿನ ಗುರುತನ್ನು. ಸೋರುವ ಶೌಚಾಲಯ, ಬಾರದ ವೈದ್ಯ, ಖಾಲಿ ಇರುವ ಆಪ್ತಸಮಾಲೋಚಕರ ಹುದ್ದೆ ಯಾವ ಮಗುವಿನ ಗುರುತೂ ಅಲ್ಲ. ಮಕ್ಕಳ ವಿವರ ತೆಗೆದು, ದೋಷವೇನು, ಸರಿಪಡಿಸಲು ಗಡುವು ಯಾವುದು, ಹೊಣೆ ಯಾರದು ಎಂಬುದನ್ನು ಆಯಾ ತಾಲ್ಲೂಕು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಲು ಹೊಸ ಕಾನೂನು ಬೇಕಿಲ್ಲ. ಜಿಲ್ಲಾಧಿಕಾರಿಯ ಒಂದು ಆದೇಶ ಸಾಕು.