ಸ್ವಂತ ಲಾರಿಯವರ ಲೆಕ್ಕ: ನಾಲ್ಕು ಆಕ್ಷೇಪಗಳಿಗೆ ಉತ್ತರ

ಒಂದೇ ಲಾರಿ ಇಟ್ಟುಕೊಂಡು ತಾವೇ ಸ್ಟೇರಿಂಗ್ ಹಿಡಿಯುವವರು ಟ್ರಿಪ್ಪಿನ ಲೆಕ್ಕ ಬರೆಯಬೇಕು, ವರ್ಷ ತಪ್ಪದೆ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಬೇಕು ಎಂದರೆ ನನ್ನ ಜೊತೆಯ ಮಾಲೀಕರೇ ಒಪ್ಪುವುದಿಲ್ಲ. ಹುಬ್ಬಳ್ಳಿಯಿಂದ ಯಶವಂತಪುರಕ್ಕೆ ವರ್ಷಗಟ್ಟಲೆ ಈರುಳ್ಳಿ ಹೊತ್ತವನಾಗಿ ಅವರ ಮಾತುಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

1. "ಕಂತು ಕಟ್ಟಿದರೆ ಏನೂ ಉಳಿಯದು, ತೆರಿಗೆ ಎಲ್ಲಿಂದ ತರೋಣ?"

ಆದಾಯ ತೆರಿಗೆ ಕಾನೂನಿನಲ್ಲಿ ಹತ್ತರೊಳಗೆ ಸರಕು ವಾಹನ ಇರುವವರಿಗೆಂದೇ ಒಂದು ನಿಯಮ ಇದೆ. ಒಟ್ಟು ತೂಕ 12 ಟನ್ ಮೀರಿದ ಲಾರಿಗೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ, ಉಳಿದ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯ ಎಂದು ಹಿಡಿಯುತ್ತಾರೆ. 28 ಟನ್ನಿನ ಹತ್ತು ಚಕ್ರದ ಲಾರಿಗೆ ವರ್ಷಕ್ಕೆ 3,36,000 ಆಯಿತು. 2025-26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಲಾರಿ ಲೋಡಿಲ್ಲದೆ ನಿಂತ ತಿಂಗಳೂ ಹೀಗೆ ಹಿಡಿದ ಆದಾಯದಲ್ಲಿ ಸೇರುತ್ತದೆ ಎಂಬ ನಿಮ್ಮ ದೂರು ನಿಜ. ನಿಜವಾದ ಗಳಿಕೆ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕೆಂಬುದೂ ನಿಜ. ಆದರೂ ಒಂದು ಲಾರಿಯವನಿಗೆ ಹೆದರುವಂಥದ್ದು ಇಲ್ಲಿ ಏನೂ ಇಲ್ಲ.

2. "ತೆರಿಗೆಯೇ ಇಲ್ಲವೆಂದ ಮೇಲೆ ರಿಟರ್ನ್ಸ್ ಯಾಕೆ?"

ನಮ್ಮ ಗಳಿಕೆಗೆ ಸಂಬಳದ ಚೀಟಿ ಇಲ್ಲ. ಬ್ಯಾಂಕಿನಲ್ಲಿ ಸಾಲ ಕೇಳಿದರೆ ತೋರಿಸಲು ರಿಟರ್ನ್ಸೇ ಬೇಕು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಾಳೆ ಇನ್ನೊಂದು ವಾಹನ ಬಂದು ಗುದ್ದಿ ನಮಗೇನಾದರೂ ಆದರೆ, ಪರಿಹಾರದ ನ್ಯಾಯಮಂಡಳಿ ಮೊದಲು ಕೇಳುವುದು ಆದಾಯದ ಪುರಾವೆ. ಅದಿಲ್ಲದಿದ್ದರೆ ಅಂದಾಜಿನ ಆದಾಯ ಹಿಡಿದು ಲೆಕ್ಕ ಹಾಕುತ್ತಾರೆ. ಹೆಂಡತಿ ಮಕ್ಕಳಿಗೆ ಸಿಗುವ ಹಣ ಅಲ್ಲೇ ಕುಗ್ಗುತ್ತದೆ.

3. "ಬಾಡಿಗೆಯಲ್ಲೇ ಟಿಡಿಎಸ್ ಮುರಿದುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು."

ಹತ್ತು ವಾಹನದೊಳಗಿನವರು ಹಾಗೆಂದು ಬರೆದು ಪ್ಯಾನ್ ಸಂಖ್ಯೆ ಕೊಟ್ಟರೆ ಮುರಿಯುವಂತಿಲ್ಲ. ಕಾನೂನು ಹೇಳುವುದು ಅದನ್ನೇ. ಪ್ಯಾನ್ ಕೊಡದಿದ್ದರೆ 20 ಪರ್ಸೆಂಟ್ ಹೋಗುತ್ತದೆ. ಪ್ಯಾನ್ ಇದ್ದೂ ಮುರಿದಿದ್ದರೆ, ಆ ಹಣ ವಾಪಸು ಬರುವುದು ರಿಟರ್ನ್ಸ್ ಹಾಕಿದಾಗ ಮಾತ್ರ.

4. "ಲೆಕ್ಕಪುಸ್ತಕ ಬೇಡವೆಂದು ಕಾನೂನೇ ಹೇಳಿದ ಮೇಲೆ ಬರೆಯುವುದೇಕೆ?"

ಕಾನೂನಿಗೆ ಬೇಡ, ಮನೆಗೆ ಬೇಕು. ಬಾಡಿಗೆ ಕೈಗೆ ಬಂತೆಂದರೆ ಲಾಭವೇ ಬಂತೆಂದು ನಾನೂ ಖರ್ಚು ಮಾಡಿದೆ. ಹಿಂದಿನ ಟೈರುಗಳು ಒಟ್ಟಿಗೆ ಸವೆದ ವರ್ಷ ಬಡ್ಡಿಗೆ ಸಾಲ ತಂದೆ. ಅಂದಿನಿಂದ ಪ್ರತಿ ಟ್ರಿಪ್ಪಿಗೆ ಒಂದು ಪುಟ: ಬಾಡಿಗೆ, ಡೀಸೆಲ್, ಟೋಲ್, ಹಮಾಲಿ, ಕಮಿಷನ್. ಅದರ ಕೆಳಗೆ ನನ್ನದೇ ಬೇಟಾ. ಬೇರೆ ಡ್ರೈವರಿಗೆ ಕೊಡುವಷ್ಟನ್ನು ನನಗೂ ಬರೆಯದಿದ್ದರೆ, ಲಾರಿ ದುಡಿಯಿತೋ ನಾನು ದುಡಿದೆನೋ ತಿಳಿಯುವುದೇ ಇಲ್ಲ. ಉಳಿದದ್ದರಲ್ಲಿ ಟೈರು, ಇನ್ಶೂರೆನ್ಸು, ಎಫ್‌ಸಿಗೆಂದು ಒಂದು ಪಾಲು ಬೇರೆ ಖಾತೆಗೆ ಹೋಗುತ್ತದೆ. ಅದನ್ನು ಮುಟ್ಟಿದರೆ ಮುಂದಿನ ಸಾಲಕ್ಕೆ ಈಗಲೇ ಸಹಿ ಹಾಕಿದಂತೆ.

ಗೆಳೆಯರೇ, ಗಾಡಿ ತೆಗೆಯುವ ಮುನ್ನ ಆಯಿಲ್ ನೋಡುತ್ತೇವೆ, ಟೈರು ತಟ್ಟಿ ನೋಡುತ್ತೇವೆ. ಮುಂದಿನ ಟ್ರಿಪ್ಪಿಗೆ ಹೊರಡುವಾಗ ಹತ್ತಿರದ ಅಂಗಡಿಯಲ್ಲಿ ಒಂದು ನೋಟುಬುಕ್ಕನ್ನೂ ಕೊಳ್ಳಿ. ಮೊದಲ ಸಾಲಿನಲ್ಲಿ ಬಾಡಿಗೆ ಬರೆಯಿರಿ, ಎರಡನೆಯದರಲ್ಲಿ ನಿಮ್ಮ ಕೂಲಿ ಬರೆಯಿರಿ.